ಎರಡನೆಯ ಸಾಲು

ಮೇಡಂ ಅವರ ಬಲಗಿವಿಯ ಮುಂದೆ, ಕೆನ್ನೆಯ ಮೂಳೆ ಶುರುವಾಗುವ ಜಾಗದಲ್ಲಿ, ದುಂಡಗಿನ ಒಂದು ಕಪ್ಪು ಕಲೆಯಿತ್ತು. ಅದು ಹುಟ್ಟುಮಚ್ಚೆಯಲ್ಲ, ಸ್ಕ್ರೂಡ್ರೈವರಿನ ಮರದ ಹಿಡಿ ಒತ್ತಿ ಒತ್ತಿ ಬಿದ್ದ ಗುರುತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ಯೂಟರಿನ ಡಿಸ್ಕ್ ಪೆಟ್ಟಿಗೆಯ ಮೇಲೆ ಊರಿ, ಹಿಡಿಯನ್ನು ಆ ಮೂಳೆಗೆ ಒತ್ತಿಕೊಂಡು ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಪೆಟ್ಟಿಗೆಯೊಳಗೆ ತಟ್ಟೆ ತಿರುಗುವುದು, ಅದರ ಮೇಲೆ ಓದುವ ತೋಳು ಹಿಂದಕ್ಕೂ ಮುಂದಕ್ಕೂ ಜಿಗಿಯುವುದು ನಮಗೆ ಬರೀ ಗುರ್ ಎನ್ನುವ ಸದ್ದು. ಅವರಿಗೆ ಅದರಲ್ಲಿ ಒಂದೊಂದು ಹೆಜ್ಜೆಯೂ ಬೇರೆಬೇರೆಯಾಗಿ ಕೇಳಿಸುತ್ತಿತ್ತು. "ತೋಳು ಸುಮ್ಸುಮ್ನೆ ಅಲೀತಾ ಇದೆ ಕಣೋ" ಎಂದು ಕಣ್ಣು ಬಿಟ್ಟರೆ, ಪ್ರೋಗ್ರಾಮಿನಲ್ಲಿ ಎಲ್ಲೋ ತಪ್ಪಿದೆಯೆಂದೇ ಲೆಕ್ಕ.

ಎಂಬತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಒಂದು ಲೇತ್ ಶಾಪಿಗೂ ಊದುಬತ್ತಿ ಕಾರ್ಖಾನೆಗೂ ನಡುವೆ, ಶೀಟಿನ ಮಾಡಿನ ಶೆಡ್ಡಿನಲ್ಲಿ ನಾವು ಕಂಪ್ಯೂಟರ್ ಮಾಡುತ್ತಿದ್ದೆವು. ಒಂದೊಂದೂ ಅಡುಗೆಮನೆಯ ಕಪಾಟಿನಷ್ಟು ದೊಡ್ಡದು. ಮುಂಭಾಗದಲ್ಲಿ ಮೂವತ್ತು ಹೆಣ್ಣುಮಕ್ಕಳು ಸಾಲಾಗಿ ಕೂತು ಬೆಸುಗೆ ಹಾಕುತ್ತಿದ್ದರು. ಹಿಂದಿನ ಗಾಜಿನ ಕೋಣೆಯಲ್ಲಿ ಪ್ರೋಗ್ರಾಂ ಬರೆಯುವವರು ಮೂರೇ ಜನ. ಆ ಮೂವರಲ್ಲಿ ಹಿರಿಯರು ಮೇಡಂ. ನಾನು ಕಾಲೇಜು ಮುಗಿಸಿ ಆಗಷ್ಟೇ ಸೇರಿದವನು. ಇಡೀ ಶೆಡ್ಡಿಗೆ ಅವರು ಮೇಡಂ, ನನ್ನ ನೆನಪಿನಲ್ಲೂ ಅವರಿಗೆ ಬೇರೆ ಹೆಸರಿಲ್ಲ.

ನಲವತ್ತು ದಾಟಿದ್ದರು. ಮದುವೆಯಾಗಿರಲಿಲ್ಲ. ಬಸವೇಶ್ವರನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್ನಿನಲ್ಲಿ ತಾಯಿಯ ಜೊತೆ ಬಾಡಿಗೆಗಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ. ಮಧ್ಯಾಹ್ನದ ಊಟಕ್ಕೆ ನಮ್ಮ ಜೊತೆ ಕೂರದೆ ಬೆಸುಗೆಯ ಹೆಂಗಸರ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಬರೆಯುವುದೆಲ್ಲ ಪೆನ್ಸಿಲಿನಲ್ಲೇ. ರೂಲಿನ ನೋಟ್‌ಬುಕ್ಕಿನಲ್ಲಿ ಮೊದಲು ಬರೆದು, ಅಳಿಸಿ, ಮತ್ತೆ ಬರೆದು, ಇನ್ನೂ ಅಳಿಸಿ, ಕೊನೆಗೆ ಉಳಿದ ಚೂರನ್ನಷ್ಟೇ ಯಂತ್ರಕ್ಕೆ ಹಾಕುತ್ತಿದ್ದರು. ನಾವು ಏನಾದರೂ ದೊಡ್ಡದಾಗಿ ಬರೆದು ತಂದು ತೋರಿಸಿದರೆ, "ಇದ್ರಲ್ಲಿ ಯಾವ್ದು ಬೇಡ, ಮೊದ್ಲು ಅದನ್ನ ಹೇಳು" ಅನ್ನುತ್ತಿದ್ದರು. ಬೇಡದ್ದು ಯಾವುದೂ ಇಲ್ಲ ಎಂದರೆ ನಗುತ್ತಿದ್ದರು. "ಇಲ್ದೇ ಇರೋದು ಕೆಡಲ್ಲ ಕಣೋ. ಕೆಡೋದು ಇರೋದೇ."

ಅವರಿಗೆ ಗಟ್ಟಿಯಾಗಿ ಮಾತಾಡಲು ಬರುತ್ತಿರಲಿಲ್ಲ. ಅದೊಂದು ಕೊರತೆಯೆಂದು ನಾನು ಆಗ ತಿಳಿದಿದ್ದೆ.

ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ನಿಂತು ಮಾತು ದಾಟಿಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಇದನ್ನು ಬರೆದಿಡು, ಅದನ್ನು ಓದಿಕೊಡು ಎಂದು ಕೋರಿಕೆಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಡಿಸ್ಕಿಗೆ ಒಂದು ಸಲಕ್ಕೆ ಒಂದೇ ಕೆಲಸ ಮಾಡಲು ಸಾಧ್ಯ. ಆದ್ದರಿಂದ ಕೋರಿಕೆಗಳು ಸಾಲಿನಲ್ಲಿ ಕಾಯಬೇಕು. ಆ ಸಾಲನ್ನು ನೋಡಿಕೊಳ್ಳುವ ವ್ಯವಸ್ಥೆ ನಮ್ಮ ಯಂತ್ರದ ಮೂಲ ಪ್ರೋಗ್ರಾಮಿನಲ್ಲೇ ಇತ್ತು. ಅದು ಸಾಲದೆಂದು ನನಗೆ ಅನ್ನಿಸಿತು. ನಾನು ಡ್ರೈವರಿನೊಳಗೆ ಇನ್ನೊಂದು ಸಾಲು ಕಟ್ಟಿದೆ. ಮೊದಲ ಸಾಲಿನಿಂದ ಕೋರಿಕೆಗಳನ್ನು ಎತ್ತಿಕೊಂಡು, ಡಿಸ್ಕಿನ ತೋಳು ಕಡಿಮೆ ಓಡಾಡುವ ಹಾಗೆ ಜೋಡಿಸಿ, ನನ್ನ ಸಾಲಿನಿಂದ ಡಿಸ್ಕಿಗೆ ಕಳಿಸುವುದು. ಏನಾದರೂ ಎಡವಟ್ಟಾದರೆ ಆ ಕೋರಿಕೆಯನ್ನು ಮತ್ತೆ ಮೊದಲ ಸಾಲಿಗೆ ತಳ್ಳುವುದು. ಎರಡು ತಿಂಗಳು ಕೂತು ಬರೆದೆ. ಯಂತ್ರ ಹೆಚ್ಚುಕಡಿಮೆ ಎರಡು ಪಟ್ಟು ವೇಗವಾಗಿ ಓಡಿತು. ಮಾಲೀಕರು ಇಡೀ ಶೆಡ್ಡಿಗೆ ಮೈಸೂರ್ ಪಾಕ್ ಹಂಚಿಸಿದರು.

ಮೇಡಂ ಒಂದು ತುಂಡನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡು, ನಾನು ಬರೆದಿದ್ದರ ಪ್ರಿಂಟ್ ಔಟನ್ನು ಎರಡು ದಿನ ಓದಿದರು. ಮೂರನೆಯ ದಿನ ನನ್ನನ್ನು ಕರೆದರು.

"ಎರಡನೇ ಸಾಲು ಬೇಡ ಅನ್ಸುತ್ತೆ. ತೆಗೆದುಬಿಡು."

"ಯಾಕೆ ಮೇಡಂ? ಸ್ಪೀಡ್ ನೋಡಿದ್ರಲ್ಲ?"

"ನೋಡ್ದೆ. ಅದು ಇದರಿಂದ್ಲೇ ಬಂತು ಅಂತ ನಂಗೆ ಅನ್ನಿಸ್ತಿಲ್ಲ. ಮೊದಲ್ನೇ ಸಾಲು ಆಗ್ಲೇ ಜೋಡಿಸಿ ಕೊಡುತ್ತೆ, ನೀನು ಜೋಡಿಸಿದ್ದನ್ನೇ ಮತ್ತೆ ಜೋಡಿಸ್ತಿದೀಯ. ಅದಿರಲಿ. ಒಂದು ಕೋರಿಕೆ ಈ ಸಾಲಿಂದ ಆ ಸಾಲಿಗೆ ಹೋಗ್ತಿರೋ ಹೊತ್ತಿಗೆ ಡಿಸ್ಕು ಇನ್ನೇನೋ ಹೇಳ್ತು ಅಂತಿಟ್ಕೋ. ಇವನು ಅದು ಅಲ್ಲಿದೆ ಅಂದ್ಕೋತಾನೆ, ಅವನು ಇಲ್ಲಿದೆ ಅಂದ್ಕೋತಾನೆ. ಎರಡ್ರಲ್ಲೂ ಇರಲ್ಲ."

"ಹಾಗಾಗಲ್ಲ ಮೇಡಂ. ಒಂದ್ಸಲ ಆಗಿದ್ದು ತೋರಿಸಿ, ತೆಗೀತೀನಿ."

ಅವರು ನಾಲ್ಕೈದು ದಿನ ಪ್ರಯತ್ನಿಸಿದರು. ಆಗಲಿಲ್ಲ. ಯಂತ್ರ ಒಂದು ಸಲವೂ ತಪ್ಪಲಿಲ್ಲ. ಅಷ್ಟರಲ್ಲಿ ಒಂದು ಗೃಹನಿರ್ಮಾಣ ಸಹಕಾರ ಸಂಘಕ್ಕೆ ಯಂತ್ರ ಕಳಿಸುವ ದಿನ ಬಂತು. ಡ್ರೈವರ್ ಸರಿಯಿದೆಯೆಂದು ಮೇಡಂ ಸಹಿ ಹಾಕದೆ ಯಂತ್ರ ಶೆಡ್ಡಿನಿಂದ ಹೊರಡುವಂತಿರಲಿಲ್ಲ. ಮಾಲೀಕರು ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಒಳ್ಳೆಯ ಮನುಷ್ಯರೇ, ದೊಡ್ಡ ದನಿ, ದೊಡ್ಡ ನಗು. ಮೇಡಂ ತಮ್ಮ ಸಣ್ಣ ದನಿಯಲ್ಲಿ ಹೇಳಬೇಕಾದ್ದನ್ನು ಹೇಳಿದರು. ನಾನು ನನ್ನ ವೇಗದ ಅಂಕಿಗಳನ್ನು ಹೇಳಿದೆ.

"ನಿಮ್ಮ ಹತ್ರ ಪುರಾವೆ ಇದೆಯಾ ಮೇಡಂ?" ಎಂದು ಮಾಲೀಕರು ಕೇಳಿದರು.

"ಇಲ್ಲ ಸಾರ್. ಭಯ ಇದೆ."

"ಭಯಕ್ಕೆ ಡೆಲಿವರಿ ನಿಲ್ಲಿಸೋಕಾಗುತ್ತಾ? ಇದೊಂದು ಹೋಗ್ಲಿ. ಮುಂದಿನದರಲ್ಲಿ ನೋಡೋಣ."

ಮೇಡಂ ತಲೆಯಾಡಿಸಿ ಎದ್ದು ಹೋದರು. ಮಾಲೀಕರು ನನ್ನ ಕಡೆ ವಾಲಿ, "ಹೆಂಗಸರಿಗೆ ಎಲ್ಲದಕ್ಕೂ ಭಯ ಜಾಸ್ತಿ ಕಣಯ್ಯಾ" ಎಂದರು.

ನಾನು ನಕ್ಕೆ.

ಮೇಜಿನ ಮೇಲೆ ಪೆನ್ಸಿಲ್ ಬಿಟ್ಟು ಹೋಗಿದ್ದರೆಂದು ಮೇಡಂ ಹಿಂತಿರುಗಿ ಬಂದಿದ್ದರು. ಬಾಗಿಲಲ್ಲೇ ನಿಂತಿದ್ದರು. ನಮ್ಮನ್ನು ನೋಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಹೋಗಿ, ತಮ್ಮ ಜಾಗದಲ್ಲಿ ಕೂತು, ಆ ದಿನ ಮಾತ್ರ ಪೆನ್ನು ಹಿಡಿದು ಸಹಿ ಹಾಕಿ ಕಳಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚಾಗಿದೆ. ಎರಡನೆಯ ಸಾಲು ಕಟ್ಟಿದ್ದಕ್ಕೆ ನನ್ನಲ್ಲಿ ಸಮಜಾಯಿಷಿಯಿದೆ, ವಯಸ್ಸು ಚಿಕ್ಕದು, ಗೊತ್ತಿರಲಿಲ್ಲ. ಆ ನಗುವಿಗೆ ಇಲ್ಲ.

ಒಂದು ವರ್ಷದ ಮೇಲೆ, ಒಂದು ಬೆಳಿಗ್ಗೆ, ಇಬ್ಬರು ನಮ್ಮ ಶೆಡ್ಡಿಗೆ ಬಂದರು. ಒಬ್ಬರು ಆ ಸಹಕಾರ ಸಂಘದ ಗುಮಾಸ್ತರು, ನನ್ನ ತಂದೆಯ ವಯಸ್ಸಿನವರು. ಅವರೇ ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವರು. ಇನ್ನೊಬ್ಬರು ಬಿನ್ನಿಪೇಟೆಯ ಹೆಂಗಸು, ಐವತ್ತರ ಆಸುಪಾಸು, ಗಂಡನನ್ನು ಕಳೆದುಕೊಂಡವರು. ಗಂಡ ಗಿರಣಿಯಲ್ಲಿ ಕೆಲಸಕ್ಕಿದ್ದರು. ಹದಿನೈದು ವರ್ಷದ ಹಿಂದೆಯೇ ಸೈಟಿಗೆಂದು ಸಂಘದ ಸದಸ್ಯರಾಗಿದ್ದರು. ಅವರು ತೀರಿಕೊಂಡ ಮೇಲೆ ಸದಸ್ಯತ್ವವನ್ನು ಹೆಂಡತಿಯ ಹೆಸರಿಗೆ ಮಾಡಿಸಲು ಈಕೆ ಅರ್ಜಿ ಕೊಟ್ಟಿದ್ದರು. ಗುಮಾಸ್ತರು ಆಕೆಯನ್ನು ಎದುರಿಗೇ ಕೂರಿಸಿಕೊಂಡು ಯಂತ್ರಕ್ಕೆ ಹಾಕಿದ್ದರು, ಮೊದಲು ಗಂಡ ಮೃತನೆಂದು, ಆಮೇಲೆ ಅವನ ಜಾಗಕ್ಕೆ ಹೆಂಡತಿಯ ಹೆಸರು. ಎರಡು ಸಲವೂ ದಾಖಲಾಯಿತೆಂದು ಪರದೆಯ ಮೇಲೆ ಬಂದಿತ್ತು.

ಸೈಟು ಹಂಚುವ ಪಟ್ಟಿ ಹೊರಬಿದ್ದಾಗ ಆಕೆಯ ಹೆಸರಿರಲಿಲ್ಲ. ತೆಗೆದು ನೋಡಿದರೆ ಆ ಜಾಗದಲ್ಲಿ ಗಂಡನ ಹೆಸರೇ ಇತ್ತು, ಎದುರಿಗೆ ಮೃತ ಎಂದು ಇತ್ತು. ಸತ್ತವರನ್ನು ಪಟ್ಟಿ ಬಿಟ್ಟು ಮುಂದೆ ಹೋಗಿತ್ತು. ಹಿಂದಿನವರೆಲ್ಲ ಒಂದೊಂದು ಜಾಗ ಮುಂದೆ ಬಂದಿದ್ದರು. ಸೈಟುಗಳು ರಿಜಿಸ್ಟರೂ ಆಗಿದ್ದವು. ಯಾರಿಗೋ ಜಾಗ ಮಾಡಿಕೊಡಲು ಬೇಕೆಂದೇ ಹೆಸರು ಬಿಟ್ಟಿದ್ದಾರೆಂದು ಗುಮಾಸ್ತರನ್ನು ಅಮಾನತು ಮಾಡಿದ್ದರು.

"ನಾನು ಹಾಕಿದ್ದೆ ಮೇಡಂ" ಎಂದರು ಅವರು. "ಕಂಪ್ಯೂಟರ್ ತಪ್ಪು ಮಾಡಲ್ಲ, ನೀನೇ ಮಾಡಿರೋದು ಅಂತಾರೆ. ಮಗಳಿಗೆ ಗಂಡು ನೋಡ್ತಿದೀನಿ. ನಾನ್ ಕಳ್ಳ ಅಂತ ಬೀದೀಲೆಲ್ಲ ಆಗೋಯ್ತು."

ಬಿನ್ನಿಪೇಟೆಯ ಅಮ್ಮ ಅವರ ಪಕ್ಕದಲ್ಲೇ ನಿಂತಿದ್ದರು. "ಅವರು ಹಾಕುದ್ರು ಕಣವ್ವ. ನಾನ್ ನೋಡಿವ್ನಿ. ನನ್ ಹೆಸ್ರು ಆ ಗಾಜಿನ್ ಮೇಲೆ ಬಂತು. ನಂಗೆ ಓದಕ್ ಬರಕಿಲ್ಲ, ಅವರೇ ತೋರ್ಸಿ ಹೇಳುದ್ರು."

ಮೇಡಂ ಇಬ್ಬರಿಗೂ ಸ್ಟೂಲು ಹಾಕಿಸಿ, ನಿಧಾನವಾಗಿ ಕೇಳಿದರು. ಆ ಹೊತ್ತಿನಲ್ಲಿ ಬೇರೆ ಏನಾದರೂ ಆಯಿತೇ, ಕರೆಂಟು ಹೋಯಿತೇ?

"ಹೋಗ್ಲಿಲ್ಲ ಮೇಡಂ" ಎಂದರು ಗುಮಾಸ್ತರು. ಒಂದು ಗಳಿಗೆ ಯೋಚಿಸಿ, "ಡಿಮ್ ಆಯ್ತು. ಫ್ಯಾನು ನಿಧಾನ ಆಗಿ ಮತ್ತೆ ಸರಿಹೋಯ್ತು" ಎಂದರು.

ಮೇಡಂ ನನ್ನ ಕಡೆ ನೋಡಿದರು. ನಾನು ಹೊರಗೆ ನೋಡಿದೆ.

ಅವತ್ತಿನಿಂದಲೇ ಮೇಡಂ ತಪ್ಪು ಹುಡುಕಲು ಕೂತರು. ವೋಲ್ಟೇಜನ್ನು ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟ್ ಎಂಬ ದುಂಡು ಉಪಕರಣವೊಂದು ನಮ್ಮಲ್ಲಿತ್ತು. ಯಂತ್ರವನ್ನು ಅದಕ್ಕೆ ಸಿಕ್ಕಿಸಿದರು. ನಾನು ಒಂದು ಸಣ್ಣ ಪ್ರೋಗ್ರಾಮಿನಿಂದ ಸಾವಿರಾರು ಹೆಸರುಗಳನ್ನು ಡಿಸ್ಕಿಗೆ ಬರೆಯಿಸುವುದು, ಅದು ನಡೆಯುವಾಗ ಅವರು ಹಿಡಿಯನ್ನು ತಿರುಗಿಸಿ ವೋಲ್ಟೇಜ್ ಇಳಿಸಿ ಮತ್ತೆ ಏರಿಸುವುದು, ಮುಗಿದ ಮೇಲೆ ಬರೆದದ್ದೆಲ್ಲ ಇದೆಯೇ ಎಂದು ನೋಡುವುದು. ಮೊದಲ ದಿನ ಏನೂ ತಪ್ಪಲಿಲ್ಲ. ಎರಡನೆಯ ದಿನವೂ ಇಲ್ಲ. ಏನೂ ಸಿಗದಿರಲಿ ಎಂದು ನಾನು ಒಳಗೊಳಗೇ ಹರಕೆ ಹೊರುತ್ತಿದ್ದೆ. ಗುಮಾಸ್ತರು ಕಳ್ಳರೇ ಆಗಿರಲಿ ಎಂದೂ ಅಂದುಕೊಂಡೆ. ಆ ಯೋಚನೆ ಬಂದದ್ದು ನಿಜ, ಅದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ನಾಲ್ಕನೆಯ ದಿನ, ಬೆಸುಗೆಯ ಹೆಂಗಸರು ಊಟಕ್ಕೆ ಎದ್ದ ಹೊತ್ತಿಗೆ, ಒಂದು ಹೆಸರು ಇರಲಿಲ್ಲ. ಒಂದೇ ಒಂದು. ಅದರ ಹಿಂದಿನದೂ ಇತ್ತು, ಮುಂದಿನದೂ ಇತ್ತು. ಎಲ್ಲವೂ ದಾಖಲಾಯಿತೆಂದು ಯಂತ್ರ ಹೇಳಿತ್ತು. ವೋಲ್ಟೇಜ್ ಕುಸಿದಾಗ ಡಿಸ್ಕು ಒಂದು ಕೋರಿಕೆಯನ್ನು ಆಗಲಿಲ್ಲವೆಂದು ವಾಪಸು ಕಳಿಸಿತ್ತು. ನನ್ನ ಸಾಲು ಅದನ್ನು ಬಿಟ್ಟುಕೊಟ್ಟಿತ್ತು, ಮೊದಲ ಸಾಲು ತೆಗೆದುಕೊಂಡಿರಲಿಲ್ಲ. ಮೇಡಂ ಒಂದು ವರ್ಷದ ಹಿಂದೆ ಹೇಳಿದ ಹಾಗೆಯೇ.

"ಸಿಕ್ತು" ಎಂದರು. ಗೆದ್ದ ದನಿಯಲ್ಲ ಅದು. ಕಾಯಿಲೆಗೆ ಹೆಸರು ಸಿಕ್ಕಿದವರ ದನಿ.

ಮಾಲೀಕರು ಕೇಳಿ ಬೆವತರು. "ಸರಿ ಮಾಡಿ. ಎಲ್ಲಾ ಕಡೆ ಬದಲಾಯಿಸಿ. ಆದ್ರೆ ಹೊರಗೆ ಒಂದು ಮಾತೂ ಹೋಗಬಾರ್ದು. ಗೊತ್ತಾದ್ರೆ ನಾಳೆ ಶೆಡ್ಡಿಗೆ ಬೀಗ. ಮುಂದೆ ಕೂತಿದಾರಲ್ಲ ಮೂವತ್ತು ಜನ, ಅವರ ಅನ್ನದ ಪ್ರಶ್ನೆ ಮೇಡಂ."

"ಆ ಗುಮಾಸ್ತರದ್ದು?"

"ಅವರಿಗೆ ಬೇರೆ ಏನಾದ್ರೂ ದಾರಿ ನೋಡೋಣ."

"ದಾರಿ ಇರೋದು ಒಂದೇ ಸಾರ್. ನಿಜ ಹೇಳೋದು."

ಶನಿವಾರ ಸಂಘದ ಕಚೇರಿಯಲ್ಲಿ ವಿಚಾರಣೆಯಿತ್ತು. ಮೇಡಂ ರಜೆ ಬರೆದುಕೊಟ್ಟು ಹೊರಟರು. "ಪ್ರಿಂಟ್ ಔಟ್ ಭಾರ ಇದೆ, ಬರ್ತೀಯಾ?" ಎಂದು ಮಾತ್ರ ನನ್ನನ್ನು ಕೇಳಿದರು. ವಿಜಯನಗರದ ಒಂದು ಮಹಡಿಯ ಮೇಲೆ ಉದ್ದನೆಯ ಹಾಲು. ಒಂದು ಕಡೆ ನಿರ್ದೇಶಕರು, ಇನ್ನೊಂದು ಕಡೆ ಕುರ್ಚಿಯ ತುದಿಯಲ್ಲಿ ಗುಮಾಸ್ತರು, ಬಾಗಿಲ ಬಳಿ ಬೆಂಚಿನ ಮೇಲೆ ಬಿನ್ನಿಪೇಟೆಯ ಅಮ್ಮ. ಮೇಡಂ ನಿಂತುಕೊಂಡೇ ಮಾತಾಡಿದರು. ಯಾರಿಗೂ ಅರ್ಥವಾಗದ ಒಂದು ಪದವನ್ನೂ ಬಳಸಲಿಲ್ಲ. ಅವರ ದನಿ ಸಣ್ಣದೆಂದು ಇಡೀ ಹಾಲು ಉಸಿರು ಹಿಡಿದು ಕೇಳಿತು. ಇವರು ಹೆಸರು ಹಾಕಿದ್ದರು, ಯಂತ್ರ ಬರೆದುಕೊಳ್ಳಲಿಲ್ಲ, ಬರೆದುಕೊಂಡೆ ಎಂದು ಸುಳ್ಳು ಹೇಳಿತು, ಇಗೋ ಪುರಾವೆ.

ಅಧ್ಯಕ್ಷರು ಕನ್ನಡಕ ತೆಗೆದರು. "ಈ ಪ್ರೋಗ್ರಾಂ ಬರೆದೋರು ಯಾರಮ್ಮ?"

ನಾನು ಮೇಡಂ ಪಕ್ಕದಲ್ಲೇ ಇದ್ದೆ. ಎದೆಗವಚಿಕೊಂಡ ಪ್ರಿಂಟ್ ಔಟಿನ ಕಟ್ಟಿನ ಮೇಲೆ ಗಲ್ಲ ಊರಿದ್ದೆ. ಒಂದು, ಎರಡು, ಮೂರು ಗಳಿಗೆ ಕಳೆದಿರಬೇಕು. ಮೇಡಂ ನನಗಾಗಿ ಕಾದರೆಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಲಿಲ್ಲ.

"ನಾನು" ಎಂದರು.

ಗುಮಾಸ್ತರು ಮುಖ ಮುಚ್ಚಿಕೊಂಡು ಅತ್ತರು. ಅವರ ಅಮಾನತು ಅಲ್ಲೇ ರದ್ದಾಯಿತು. ಬಿನ್ನಿಪೇಟೆಯ ಅಮ್ಮನ ಸೈಟು ವಾಪಸು ಬರುವ ಹಾಗಿರಲಿಲ್ಲ. ಮುಂದಿನ ಬಡಾವಣೆಯಲ್ಲಿ ಮೊದಲ ಹೆಸರು ಅವರದೇ ಎಂದು ಬರೆದುಕೊಂಡರು. ಆ ಬಡಾವಣೆಗೆ ಇನ್ನೂ ಜಮೀನೇ ಆಗಿರಲಿಲ್ಲ.

ಮೆಟ್ಟಿಲಿಳಿದು ರಸ್ತೆಗೆ ಬಂದಾಗ ನಾನು ಕೇಳಿದೆ, "ಮೇಡಂ, ಯಾಕೆ ಹಾಗಂದ್ರಿ?"

ಅವರು ಸೆರಗಿನಿಂದ ಕತ್ತು ಒರೆಸಿಕೊಂಡರು. "ಗೊತ್ತಿಲ್ದೆ ಬರೆದೋನು ನೀನು. ಗೊತ್ತಿದ್ದೂ ಸಹಿ ಹಾಕ್ದೋಳು ನಾನು. ಯಾರದು ಜಾಸ್ತಿ?" ಉತ್ತರಕ್ಕೆ ಕಾಯದೆ, "ಬಸ್ ಬಂತು ನೋಡು" ಎಂದರು.

ತಿಂಗಳ ಕೊನೆಗೆ ಕೆಲಸ ಬಿಡಬೇಕೆಂದು ಮಾಲೀಕರು ಹೇಳಿದರು. ಮೇಡಂ ವಾದಿಸಲಿಲ್ಲ. ಉಳಿದ ದಿನಗಳಲ್ಲಿ ಮಾಡಬೇಕಾದ್ದು ಒಂದಿದೆ ಎಂದರು. ಮಾರನೆಯ ಬೆಳಿಗ್ಗೆ ನನ್ನನ್ನು ಯಂತ್ರದ ಮುಂದೆ ಕೂರಿಸಿ, ಪಕ್ಕದಲ್ಲಿ ತಾವು ಸ್ಟೂಲು ಹಾಕಿಕೊಂಡರು. "ಎರಡನೇ ಸಾಲು ತೆಗೆಯೋಣ. ನಾನು ತೆಗೆಯಲ್ಲ, ನೀನೇ ತೆಗಿ. ಒಂದೊಂದು ಲೈನು ಅಳಿಸೋಕೆ ಮುಂಚೆ ಅದು ಏನ್ ಮಾಡ್ತಿತ್ತು ಅಂತ ಹೇಳು."

ಮೂರು ದಿನ ಹಿಡಿಯಿತು. ಕೋರಿಕೆಯನ್ನು ಎತ್ತಿಕೊಳ್ಳುವುದು ಹೋಯಿತು, ಮತ್ತೆ ಜೋಡಿಸುವುದು ಹೋಯಿತು, ಹಿಂದಕ್ಕೆ ತಳ್ಳುವುದು ಹೋಯಿತು. ಎರಡು ಸಾಲುಗಳು ಒಂದಕ್ಕೊಂದು ತಾಳೆಯಾಗುತ್ತಿವೆಯೇ ಎಂದು ನೋಡಲು ನಾನು ಬರೆದಿದ್ದ ಉದ್ದನೆಯ ಭಾಗ, ನನ್ನ ಬಹಳ ಹೆಮ್ಮೆಯ ಭಾಗ, ಅದೂ ಹೋಯಿತು. ಒಂದೇ ಸಾಲಿದ್ದಾಗ ತಾಳೆ ನೋಡುವುದೇನಿದೆ? ಕೋರಿಕೆ ಮೊದಲ ಸಾಲಿನ ತಲೆಯಲ್ಲೇ ನಿಂತಿರುತ್ತದೆ. ಡಿಸ್ಕು ಮುಗಿಯಿತೆಂದು ಹೇಳಿದ ಮೇಲಷ್ಟೇ ಅದು ಸಾಲು ಬಿಟ್ಟು ಹೋಗುತ್ತದೆ. ಕೆಲಸ ಕೆಟ್ಟರೆ ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇದ್ದು ಇನ್ನೊಮ್ಮೆ ಪ್ರಯತ್ನಿಸುತ್ತದೆ. ಅಷ್ಟೇ. ಡ್ರೈವರ್ ಅರ್ಧಕ್ಕಿಂತ ಚಿಕ್ಕದಾಯಿತು.

ಆಮೇಲೆ ವೇಗ ಅಳೆದೆವು. ಒಂದು ಚೂರೂ ಕಡಿಮೆಯಾಗಿರಲಿಲ್ಲ.

ನಾನು ದಂಗಾಗಿ ಕೂತೆ. ಕಾರಣವನ್ನು ಮೇಡಂ ಮೊದಲೇ ಊಹಿಸಿದ್ದರು. ಎರಡನೆಯ ಸಾಲು ಬರೆಯುವಾಗಲೇ ನಾನು ಡಿಸ್ಕಿನ ತಟ್ಟೆಯ ಮೇಲೆ ಮಾಹಿತಿಯ ತುಣುಕುಗಳನ್ನು ಇಡುವ ಅಂತರವನ್ನೂ ಬದಲಿಸಿದ್ದೆ. ಅದು ಅರ್ಧ ಗಂಟೆಯ ಕೆಲಸ, ಲೆಕ್ಕಕ್ಕೇ ಇಟ್ಟಿರಲಿಲ್ಲ. ವೇಗ ಬಂದದ್ದೆಲ್ಲ ಅದರಿಂದ. ಎರಡು ತಿಂಗಳು ಕೂತು ಬರೆದದ್ದು ಯಾವತ್ತೂ ಯಾವ ಕೆಲಸಕ್ಕೂ ಬಂದಿರಲಿಲ್ಲ, ಒಂದು ಹೆಸರು ಕಳೆದದ್ದನ್ನು ಬಿಟ್ಟರೆ.

ಮೇಡಂ ನನ್ನ ಭುಜ ತಟ್ಟಲಿಲ್ಲ, ಬೈಯಲೂ ಇಲ್ಲ. ಫ್ಲಾಪಿಗಳಿಗೆ ಹೊಸ ಡ್ರೈವರ್ ತುಂಬಿಕೊಂಡು, ಯಂತ್ರ ಹೋಗಿದ್ದ ಪ್ರತಿ ಊರಿಗೂ ತಾವೇ ಬಸ್ಸಿನಲ್ಲಿ ಹೋಗಿ ಬದಲಿಸಿ ಬಂದರು. ಕೊನೆಯ ದಿನ ಬೆಸುಗೆಯ ಹೆಂಗಸರು ಅವರಿಗೆ ಕುಂಕುಮ ಹಚ್ಚಿ ರವಿಕೆ ಕಣ ಕೊಟ್ಟರು. ಮುಂದಿನ ಸೋಮವಾರ ಮಾಲೀಕರು ನನ್ನನ್ನು ಮೇಡಂ ಅವರ ಮೇಜಿಗೆ ಕೂರಿಸಿದರು. ನಾನು ಕೂತೆ.

ಮಾಗಡಿ ರಸ್ತೆಯಲ್ಲಿ ಸ್ಟೆಬಿಲೈಸರ್ ಮಾಡುವ ಒಂದು ಸಣ್ಣ ಜಾಗದಲ್ಲಿ ಅವರಿಗೆ ಕೆಲಸ ಸಿಕ್ಕಿತೆಂದು ಕೇಳಿದೆ. ತಂತಿ ಸುತ್ತಿದ್ದು ಸರಿಯಿದೆಯೇ ಎಂದು ನೋಡುವ ಕೆಲಸ. ಒಂದು ಶನಿವಾರ ಬಸ್ಸಿನ ಕಿಟಕಿಯಿಂದ ಅವರನ್ನು ಕಂಡೆ. ಜೋರು ಮಳೆ. ಸ್ಟಾಪಿನಲ್ಲಿ ಒಂದೇ ಕೊಡೆಯ ಕೆಳಗೆ ಮೇಡಂ ಮತ್ತು ಬಿನ್ನಿಪೇಟೆಯ ಅಮ್ಮ ನಿಂತಿದ್ದರು. ಅರ್ಜಿ ಎಲ್ಲಿಗೆ ಬಂತೆಂದು ಕೇಳಲು ಪ್ರತಿ ಶನಿವಾರ ಇಬ್ಬರೂ ಸಂಘಕ್ಕೆ ಹೋಗುತ್ತಾರೆಂದು ಗುಮಾಸ್ತರು ಹಿಂದೊಮ್ಮೆ ಹೇಳಿದ್ದರು. ಬಸ್ಸು ನಿಂತಿತ್ತು. ಇಳಿಯಬಹುದಿತ್ತು. ನಾನು ತಲೆ ತಗ್ಗಿಸಿ ಕೂತೆ. ಅವರು ನನ್ನನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ಈಗಲೂ ಮಳೆಯಲ್ಲಿ ಬಸ್ಸು ನಿಂತರೆ ಕಿಟಕಿಯ ಆಚೆ ನೋಡಲು ನನಗೆ ಧೈರ್ಯ ಸಾಲದು.

ಎರಡು ವರ್ಷವೂ ಆಗಿರಲಿಲ್ಲ, ಮೇಡಂ ಆಸ್ಪತ್ರೆಯಲ್ಲಿದ್ದಾರೆಂದು ಸುದ್ದಿ ಬಂತು. ಹೊಟ್ಟೆಯ ಗಡ್ಡೆ, ತಡವಾಗಿ ಗೊತ್ತಾಗಿತ್ತು. ಹೇಳಬೇಕಾದ್ದನ್ನೆಲ್ಲ ಈ ಸಲ ಹೇಳಲೇಬೇಕೆಂದು ಹೋದೆ. ಮಂಚದ ಮೇಲೆ ಅವರು ತೀರ ಸಣ್ಣಗೆ ಕಂಡರು. ನನ್ನನ್ನು ಕಂಡು ಕಣ್ಣರಳಿಸಿದರು.

"ಡ್ರೈವರ್ ಹೇಗಿದೆ?"

"ಯಾರೂ ಮುಟ್ಟಿಲ್ಲ ಮೇಡಂ."

"ಒಳ್ಳೇದು. ಸುಮ್ನೆ ಏನೂ ಸೇರಿಸ್ಬೇಡಿ." ಆಮೇಲೆ ಕಣ್ಣು ಮುಚ್ಚಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಿದ್ದೆ ಹೋಗಿದ್ದರು. ಎಬ್ಬಿಸಬಹುದಿತ್ತೇ? ಆಯಾಸವಾಗಿದೆ, ನಾಳೆ ಬರೋಣ ಎಂದುಕೊಂಡೆ.

ಹೊರಗೆ ಕಾರಿಡಾರಿನಲ್ಲಿ ಅವರ ತಾಯಿ ಕೂತಿದ್ದರು. ಬಿಳಿ ಕೂದಲು, ಮಡಿಲಲ್ಲಿ ಫ್ಲಾಸ್ಕು. ಜೊತೆಯಲ್ಲಿ ಕೆಲಸ ಮಾಡಿದವನೆಂದು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಕೇಳಿದರು, "ನೀನಾದ್ರೂ ಹೇಳಪ್ಪ. ಅವಳು ಮಾಡಿದ ತಪ್ಪು ಅಷ್ಟು ದೊಡ್ಡದಾ? ಕೆಲಸದಿಂದ ತೆಗೆಯೋ ಅಷ್ಟು?"

"ಇಲ್ಲಮ್ಮ" ಎಂದೆ. ಅಷ್ಟೇ ಅಂದೆ.

ಮಾರನೆಯ ದಿನ ನಾನು ಹೋಗಲಿಲ್ಲ. ಮೂರನೆಯ ದಿನ ಮೇಡಂ ತೀರಿಕೊಂಡರು.

ಚಿತಾಗಾರದ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಬಿನ್ನಿಪೇಟೆಯ ಅಮ್ಮ ಒಬ್ಬರೇ ಕೂತಿದ್ದರು. ನಾನು ಹತ್ತಿರ ಹೋದೆ. ಅವರೇ ಮಾತು ತೆಗೆದರು. "ನನ್ನಿಂದ ನಿಮಗೆ ಅನ್ಯಾಯ ಆಯ್ತು ಅಂತ ನನ್ ಕೈ ಹಿಡ್ಕೊಂಡು ಒಂದಿನ ಅತ್ತುಬಿಟ್ರು ಕಣಪ್ಪ. ಹೋಗ್ಲಿ ಬಿಡವ್ವ, ಯಾರ್ ಬೇಕೂಂತ ಮಾಡ್ತಾರೆ ಅಂದೆ. ನಾನ್ ಅವತ್ತೇ ಮರ್ತುಬಿಟ್ಟೆ. ಆಯಮ್ಮ ಮರೀಲಿಲ್ಲ."

ಕ್ಷಮೆ ನನಗೆ ಸಿಗಬೇಕಾದದ್ದು. ಅದರ ಅಗತ್ಯವೇ ಇಲ್ಲದ ಮೇಡಂಗೆ ಅದು ಸಿಕ್ಕು ಮುಗಿದುಹೋಗಿತ್ತು. ಆಗ ನನಗೆ ತಡೆಯಲಾಗಲಿಲ್ಲ. "ಅದು ಅವರು ಬರೆದಿದ್ದಲ್ಲಮ್ಮ. ನಾನು ಬರೆದಿದ್ದು. ತೆಗಿ ಅಂತ ಅವರು ಹೇಳಿದ್ರು. ನಾನೇ ತೆಗೀಲಿಲ್ಲ."

ಆಕೆಯ ದನಿಯಲ್ಲಿ ಕೋಪವಿರಲಿಲ್ಲ. "ಇದ್ನ ಅವರಿದ್ದಾಗ ಹೇಳಕ್ಕೆ ನಿಂಗೇನಾಗಿತ್ತಪ್ಪ?" ಎಂದು ಕೇಳಿ, ಕಟ್ಟೆಯಿಂದಿಳಿದು ಒಬ್ಬರೇ ಗೇಟಿನ ಕಡೆ ನಡೆದರು.

ಮುಂದಿನ ಶನಿವಾರ ನಾನು ಸಂಘದ ಕಚೇರಿಗೆ ಹೋದೆ. ಆಕೆ ಆಗಲೇ ಬೆಂಚಿನ ಮೇಲಿದ್ದರು. ನಾನು ಕೂತಾಗ ಕೈಚೀಲವನ್ನು ತೆಗೆದು ನಮ್ಮಿಬ್ಬರ ನಡುವೆ ಇಟ್ಟರು. ಎಷ್ಟೋ ಶನಿವಾರಗಳು ಹಾಗೆಯೇ ಹೋದವು. ನಾನು ಅರ್ಜಿ ಬರೆಯುತ್ತಿದ್ದೆ, ಅವರು ಹೆಬ್ಬೆಟ್ಟು ಒತ್ತುತ್ತಿದ್ದರು. ಕೊನೆಗೂ ಬ್ಯಾಡರಹಳ್ಳಿಯ ಆಚೆ ಜಮೀನಾಗಿ, ಬಡಾವಣೆಯಾಗಿ, ಹಂಚಿಕೆಯ ಪತ್ರ ಆಕೆಯ ಹೆಸರಿಗೇ ಬಂತು. ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡು, ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ಆಯಮ್ಮನ ತಾಯೀಗೆ ಹೇಳುದ್ಯಾ?"

"ಇಲ್ಲ."

"ನಂಗೆ ಹೇಳುದ್ರೆ ಮುಗೀತಾ?"

ಅಲ್ಲಿಂದ ನೇರ ಬಸವೇಶ್ವರನಗರಕ್ಕೆ ಹೋದೆ. ಹಿಂದಿನ ಪೋರ್ಷನ್ನಿನ ಬಾಗಿಲು ತೆರೆದಿತ್ತು. ಮೇಡಂ ತಾಯಿ ಒಬ್ಬರೇ ಕೂತು ಹುರುಳಿಕಾಯಿಯ ನಾರು ಬಿಡಿಸುತ್ತಿದ್ದರು. ಗುರುತು ಹಿಡಿದು ಕೂರಿಸಿದರು. ನಾನು ಮೊದಲಿನಿಂದ ಕೊನೆಯವರೆಗೆ, ಆ ನಗುವನ್ನೂ ಬಿಡದೆ ಹೇಳಿದೆ. ಅವರು ಕೈಯಲ್ಲಿದ್ದ ಕಾಯನ್ನು ಮೊರಕ್ಕೆ ಹಾಕದೆ ಹಾಗೇ ಹಿಡಿದುಕೊಂಡು ಕೇಳಿದರು.

"ನಾನು ಅವಳನ್ನ ಬಯ್ದಿದ್ದೆ ಕಣಪ್ಪ" ಎಂದರು. "ಆಸ್ಪತ್ರೇಲೂ ಬಯ್ದೆ. ಅಷ್ಟು ಓದಿದೋಳು, ಒಂದ್ಸಲ ನೋಡಿ ಬರೀಬಾರ್ದಿತ್ತಾ ಅಂತ. ಒಂದು ಮಾತೂ ತಿರುಗಿ ಆಡ್ಲಿಲ್ಲ ಅವಳು."

ಮೊರವನ್ನು ಬದಿಗಿಟ್ಟು ಎದ್ದರು. "ಕೂತಿರು, ಕಾಫಿ ತರ್ತೀನಿ" ಎಂದು ಒಳಗೆ ಹೋದರು.

ನಾನು ಕೂತೆ. ಒಳಗಿನಿಂದ ಒಲೆ ಹಚ್ಚಿದ ಸದ್ದು ಬರಲಿಲ್ಲ, ಪಾತ್ರೆಯ ಸದ್ದು ಬರಲಿಲ್ಲ, ಅಳುವೂ ಕೇಳಿಸಲಿಲ್ಲ. ಬಾಗಿಲಲ್ಲಿ ಬಿದ್ದಿದ್ದ ಬಿಸಿಲು ಗೋಡೆಗೆ ಏರುವವರೆಗೂ ಕಾದೆ. ನಾನು ಇರುವಷ್ಟು ಹೊತ್ತೂ ಅವರು ಹೊರಗೆ ಬರಲಿಲ್ಲ.